ಕುತ್ತಿಗೆಯ ಹೊಸ್ತಿಲು

ಸೋಮವಾರ, ಅಂಗಡಿಗೆ ರಜೆ

ತಂಗೀ,

ಹಿಂದೆಲ್ಲ ಈ ಜಾಗದಲ್ಲಿ ‘ನನ್ನ ಮುದ್ದಿನ’ ಎಂದು ಬರೆಯುತ್ತಿದ್ದೆ. ಇವತ್ತು ಪೆನ್ನು ಆ ಕಡೆ ಹೊರಳಲಿಲ್ಲ. ನಾವೆಲ್ಲ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎನ್ನುವ ಸಾಲನ್ನೂ ಬಿಟ್ಟಿದ್ದೇನೆ. ನಂಬುವ ಕೆಲಸಕ್ಕೂ ಇವತ್ತು ರಜೆ ಎಂದುಕೋ.

ನೀನು ಫೋನ್ ಮಾಡುತ್ತಲೇ ಇದ್ದೀಯ. ನಿನ್ನ ಹೆಸರು ಬೆಳಗುವುದನ್ನು ನೋಡುತ್ತೇನೆ, ಎತ್ತುವುದಿಲ್ಲ. ಎತ್ತಿದರೆ ನೀನು ಅಳುತ್ತೀಯ. ತಪ್ಪು ಯಾರದೇ ಇರಲಿ, ಚಿಕ್ಕಂದಿನಿಂದಲೂ ಅಳುವವಳು ನೀನು, ಕೊನೆಗೆ ಸಮಾಧಾನ ಹೇಳುವವಳು ನಾನು. ಕಾಗದದಲ್ಲಿ ಆ ತೊಂದರೆಯಿಲ್ಲ. ನೀನು ಎಷ್ಟು ಅತ್ತರೂ ನನಗೆ ಕೇಳಿಸುವುದಿಲ್ಲ. ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು, ದೊಡ್ಡ ಕನ್ನಡಿಯ ಕೆಳಗಿನ ಹಲಗೆಯ ಮೇಲಿಂದ ಬಾಚಣಿಗೆ, ಬ್ರಷ್ಷು ಎಲ್ಲ ಆಚೆ ಸರಿಸಿ ಬರೆಯಲು ಕೂತಿದ್ದೇನೆ. ತಲೆಯೆತ್ತಿದರೆ ನನ್ನ ಮುಖವೇ ಕಾಣುತ್ತದೆ. ಅದು ಇವತ್ತು ನೋಡುವ ಹಾಗಿಲ್ಲ.

ಮೊದಲು ನನ್ನ ಮಗಳ ಘನಕಾರ್ಯಗಳ ವಿಷಯ ಮುಗಿಸುತ್ತೇನೆ. ಅಂಗಡಿಯ ಮಾಡಿನ ತಗಡು ಬದಲಾಯಿಸುವ ಕೆಲಸ ಹಿಡಿಸಿದ್ದೆ. ನಿನ್ನ ಭಾವ ಎಂದಿನಂತೆ ಲಾರಿ ತೆಗೆದುಕೊಂಡು ದೂರ ಹೋಗಿದ್ದರು. ಶಾಲೆಗೆ ರಜೆ. ಈ ಸಾಸಿವೆ, ಕಾದ ಎಣ್ಣೆಗೆ ಬಿದ್ದ ಹಾಗೆ ಸದಾ ಸಿಡಿಯುವುದಕ್ಕೇ ಅಲ್ಲವೇ ಅವಳಿಗೆ ನೀನು ಆ ಹೆಸರಿಟ್ಟದ್ದು, ಏಣಿ ಹತ್ತಿ ಹತ್ತಿ ಕೆಲಸದವರ ಜೀವ ತಿನ್ನುತ್ತಿದ್ದಳು. ಕೆಲವು ದಿನ ನಿನ್ನ ಹತ್ತಿರ ಇಟ್ಟುಕೋ ಎಂದು ಕೇಳಿದೆ. ನೀನು ಒಂದು ಗಳಿಗೆ ಸುಮ್ಮನಾದೆ. ಲೈನು ಕಡಿದುಹೋಯಿತೇನೋ ಎಂದು ನಾನು ಹಲೋ ಹಲೋ ಎಂದೆ. ಆಮೇಲೆ ನೀನು, ಅದಕ್ಕೇನಂತೆ ಅಕ್ಕ, ಕಳಿಸು ಎಂದೆ. ಆ ಒಂದು ಗಳಿಗೆಯ ಮೌನದ ಅರ್ಥ ಈಗ ಆಗಿದೆ. ಆಗ ನನಗೆ ಪಾಪ ಅನಿಸಿತ್ತು. ಮನೆ ಚಿಕ್ಕದು, ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಮೇಲೆ ಈ ಸಾಸಿವೆ ಬೇರೆ, ಎಂದು.

ಅವಳು ಅಲ್ಲಿ ಮಾಡಿದ್ದನ್ನೆಲ್ಲ ನೀನೇ ಫೋನಿನಲ್ಲಿ ಹೇಳಿ ನಗಿಸಿದೆ. ನಿಮ್ಮ ಕಟ್ಟಡದ ಲಿಫ್ಟಿನಲ್ಲಿ ಎಲ್ಲ ಗುಂಡಿಗಳನ್ನೂ ಒತ್ತಿ, ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದಾಗ “ಇಳಿಯೋರು ಬೇಗ ಇಳೀರಿ, ಹತ್ತೋರು ಒಳಗೆ ಹೋಗಿ, ಒಳಗೆ ಹೋಗಿ” ಎಂದು ಕಂಡಕ್ಟರನ ಹಾಗೆ ಕೂಗಿದಳಂತೆ. ಕೈತುಂಬ ಚೀಲ ಹಿಡಿದಿದ್ದ ಪಕ್ಕದ ಮನೆಯ ನಿವೃತ್ತ ವಕೀಲರು ಗಾಬರಿಯಾಗಿ ತಮ್ಮದಲ್ಲದ ಮಹಡಿಯಲ್ಲಿ ಇಳಿದೇಬಿಟ್ಟರಂತೆ. ನಿಮ್ಮ ಬಚ್ಚಲಿನ ತೊಟ್ಟಿಯಲ್ಲಿ ಈಜು ಕಲಿಯಲು ಹೋಗಿ ನಲ್ಲಿ ನಿಲ್ಲಿಸುವುದು ಮರೆತಳು. ಕೆಳಗಿನ ಮನೆಯ ಸಂಗೀತದ ಮೇಷ್ಟರು ಪಾಠ ಹೇಳುತ್ತಿದ್ದವರು ಕೊಡೆ ಹಿಡಿದುಕೊಂಡೇ ಮೇಲೆ ಬಂದರು. ನಿನ್ನ ಮಗ, ನಮ್ಮ ಮರಿಸಾಹೇಬ, ಓದಿನ ಮೇಜಿನಿಂದ ತಲೆಯೆತ್ತದ ಹುಡುಗ, ಅವನೂ ಅವಳ ಜೊತೆ ಸೇರಿ ಒದ್ದೆ ನೆಲದ ಮೇಲೆ ಜಾರುಬಂಡೆ ಆಡಿದನಂತೆ. ಅದು ಕೇಳಿ ನನಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ನಿಮ್ಮ ಕಟ್ಟಡದ ಕೆಳಗೇ ಇರುವ ನಿನ್ನ ಕನ್ನಡಕದ ಅಂಗಡಿ. ನೀನು ಗಿರಾಕಿಯ ಕಣ್ಣು ಪರೀಕ್ಷೆ ಮಾಡಿಸುತ್ತಿದ್ದಾಗ ಇವಳು ರಿಪೇರಿಗೆ ಬಂದ ಕನ್ನಡಕಗಳನ್ನೆಲ್ಲ ಅದಲು ಬದಲು ಮಾಡಿಟ್ಟಳು. ಒಬ್ಬರು ಮನೆಗೆ ಹೋಗಿ ಹಾಕಿಕೊಂಡು, “ಏನಮ್ಮಾ, ನಮ್ಮನೆಯವಳು ಇಷ್ಟು ದಪ್ಪ ಇರಲಿಲ್ಲವಲ್ಲ” ಎಂದು ವಾಪಸು ಬಂದರು. ಅಷ್ಟಕ್ಕೇ ನಿಲ್ಲಲಿಲ್ಲ ನೋಡು. ಕನ್ನಡಕ ತೊಡಿಸಿ ಇಟ್ಟ ಗೊಂಬೆತಲೆಗಳು ಬೋಳುಬೋಳಾಗಿ ಕಾಣುತ್ತವೆ ಎಂದು ತನ್ನ ಜಡೆಯ ತುದಿ ಕತ್ತರಿಸಿ ಅವಕ್ಕೆ ಮೀಸೆ ಅಂಟಿಸಲು ಕೂತಳು. ಕಟಿಂಗ್ ಅಂಗಡಿಯವಳ ಮಗಳು, ಅವಳ ಬುದ್ಧಿ ಇನ್ನೆಲ್ಲಿಗೆ ಹೋದೀತು? ಚೌಕಟ್ಟಿಗೆ ಹಾಕುವ ಆ ಗಟ್ಟಿ ಗೋಂದು ಚೆಲ್ಲಿ ಉಳಿದ ಜಡೆಯೂ ಹೆಗಲೂ ಒಂದಾದವು.

ಅವತ್ತು ಸಂಜೆ ನೀನು ಫೋನ್ ಮಾಡಿ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. “ಅಕ್ಕಾ, ಬಯ್ಯಬೇಡ, ಕೂದಲು ಉಳಿಸೋಕೆ ಆಗಲಿಲ್ಲ. ಇಲ್ಲೇ ಮೂಲೆಯ ಪಾರ್ಲರಿನಲ್ಲಿ ಗಿಡ್ಡ ಮಾಡಿಸಿದೆ. ಹುಡುಗಿ ಚೆನ್ನಾಗೇ ಕೆಲಸ ಮಾಡಿದ್ದಾಳೆ. ನೀನು ನೋಡಿ ನಗಬೇಡ.” ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದರೆ ಮೂರು ಮತ್ತೊಂದು ಅಂದಳಂತೆ. ಎಷ್ಟು ಸಲೀಸಾಗಿ ಹೇಳಿದೆಯೇ! ಇಲ್ಲದ ಪಾರ್ಲರು, ಇಲ್ಲದ ಹುಡುಗಿ, ಅವಳ ಕೈಚಳಕಕ್ಕೆ ಒಂದು ಸರ್ಟಿಫಿಕೇಟು ಬೇರೆ. ಕೂದಲು ಹೋದರೆ ಬೆಳೆಯುತ್ತದೆ ಬಿಡೇ ಎಂದು ನಾನೇ ನಿನಗೆ ಧೈರ್ಯ ಹೇಳಿದೆ.

ಅವಳನ್ನು ಕರೆದುಕೊಂಡು ಬಂದ ನಿನ್ನ ಯಜಮಾನರು ಬಸ್ ಸ್ಟ್ಯಾಂಡಿನಿಂದ ಈಚೆಗೆ ಬರಲಿಲ್ಲ. ಊಟ ಮಾಡಿಕೊಂಡು ಹೋಗಿ ಎಂದರೆ ಕೆಲಸವಿದೆ ಎಂದರು, ನನ್ನ ಮುಖ ನೋಡದೆ ನನ್ನ ಚಪ್ಪಲಿ ನೋಡುತ್ತ ಹೇಳಿದರು. ತಿರುಗಿ ಹೊರಡುವ ಬಸ್ಸನ್ನೇ ಹತ್ತಿದರು. ಸುಳ್ಳು ಹೇಳಲು ಬಾರದ ಮನುಷ್ಯ, ಅದಕ್ಕೇ ಓಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ ಎಂದು ಹೇಳು.

ಮಗಳ ತಲೆಗೆ ನೀನು ಸ್ಕಾರ್ಫು ಕಟ್ಟಿ ಕಳಿಸಿದ್ದೆ. ಧೂಳಿಗೆ ಅಂತ ಚಿಕ್ಕಮ್ಮ ಕಟ್ಟಿದರು ಎಂದಳು. ಇಲ್ಲೇ, ಈಗ ನಾನು ಕೂತಿರುವ ಈ ಕುರ್ಚಿಯಲ್ಲೇ ಕೂರಿಸಿ ಬಿಚ್ಚಿದೆ. ಮುಂದಿನಿಂದ ನೋಡಿ ನಕ್ಕೆ. ಕಿವಿಯ ಪಕ್ಕ ನೋಡಿದೆ, ಅಚ್ಚುಕಟ್ಟಾಗಿತ್ತು. ಪಾರ್ಲರಿನವಳು ಪರವಾಗಿಲ್ಲವೇ ಎಂದುಕೊಂಡೆ. ಆಮೇಲೆ ಕುರ್ಚಿ ತಿರುಗಿಸಿದೆ.

ತಂಗೀ, ನಿನಗೆ ಅದು ಕಾಣಲೇ ಇಲ್ಲ ಅಲ್ಲವೇ? ನನಗೆ ಅದೇ ಆಶ್ಚರ್ಯ. ನೀನೂ ಈ ಮನೆಯಲ್ಲೇ ಹುಟ್ಟಿದವಳು. ಆದರೆ ನೀನು ಅಂಗಡಿಯೊಳಗೆ ಕಾಲಿಟ್ಟವಳಲ್ಲ. ಕೂದಲು ಕಾಲಿಗೆ ಅಂಟುತ್ತದೆ ಎಂದು ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದೆ. ಅಪ್ಪ ಹಿತ್ತಲಲ್ಲಿ ನಿನ್ನ ಕೂದಲು ಕತ್ತರಿಸುವಾಗಲೆಲ್ಲ ಕಣ್ಣು ಮುಚ್ಚಿಕೊಂಡು ಕಿರುಚುತ್ತಿದ್ದೆ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಬೇರೆಯವರೆಲ್ಲ ಕುತ್ತಿಗೆಯ ಹಿಂದೆ ಒಂದೇ ಗೆರೆ ಎಳೆದು ಬೋಳಿಸಿ ಮುಗಿಸುತ್ತಾರೆ. ಅಪ್ಪ ಮಾತ್ರ ಕುತ್ತಿಗೆಯ ಕುಳಿಯ ಹತ್ತಿರ ಕ್ಷೌರದ ಕತ್ತಿಯನ್ನು ಸ್ವಲ್ಪ ಎತ್ತಿ, ಉಗುರಿನಷ್ಟು ಅಗಲಕ್ಕೆ ಕಿರುಗೂದಲಿನ ಒಂದು ಮೆಟ್ಟಿಲು ಉಳಿಸುತ್ತಿದ್ದರು. ಅದಕ್ಕೆ ಹೊಸ್ತಿಲು ಎನ್ನುತ್ತಿದ್ದರು. ಬಾಗಿಲಿಗೆ ಹೊಸ್ತಿಲು ಬೇಕು, ಕುತ್ತಿಗೆಗೂ ಬೇಕು ಎನ್ನುತ್ತಿದ್ದರು. ಅವರದು ಎಡಗೈ, ಹಾಗಾಗಿ ಆ ಮೆಟ್ಟಿಲು ಎಡದಿಂದ ಬಲಕ್ಕೆ ಒಂದು ಚೂರು ಏರುತ್ತಿತ್ತು. ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಅದನ್ನು ಮಾಡಲು ನೋಡಿದ್ದೇನೋ. ನನ್ನದು ಬಲಗೈ. ಬಂದದ್ದು ಹೊಸ್ತಿಲಲ್ಲ, ಗಾಯದ ಗುರುತಿನ ಹಾಗಿರುತ್ತಿತ್ತು. ಕೊನೆಗೆ ಕೈಬಿಟ್ಟೆ.

ಆ ಹೊಸ್ತಿಲು ನನ್ನ ಮಗಳ ಕುತ್ತಿಗೆಯ ಮೇಲಿತ್ತು.

ಕುರ್ಚಿಯ ಬೆನ್ನು ಹಿಡಿದುಕೊಂಡೆ. ಹೊಸ ಕುರ್ಚಿ ನೋಡಿಕೊಂಡು ಬರುತ್ತೇನೆ ಎಂದು ದೊಡ್ಡ ಊರಿಗೆ ಹೋದ ಅಪ್ಪ, ತಿರುಗಿ ಬಾರದ ಅಪ್ಪ, ಇದ್ದಾರೋ ಇಲ್ಲವೋ ಎಂದು ಯಾರಿಗೂ ಗೊತ್ತಿಲ್ಲದ ಅಪ್ಪ, ಮೊನ್ನೆ ಮೊನ್ನೆ ನನ್ನ ಮಗಳ ತಲೆ ಮುಟ್ಟಿದ್ದಾರೆ. ಯಾರೋ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಮೂರು ಗೋಡೆಗೂ ಕನ್ನಡಿ ಇರುವ ಅಂಗಡಿಯಲ್ಲಿ ನಿಂತು ನಾನು ಎಲ್ಲ ಕನ್ನಡಿಯಲ್ಲೂ ಅದನ್ನೇ ನೋಡಿದೆ.

ಯಾರು ಕತ್ತರಿಸಿದ್ದು ಎಂದು ಕೇಳಿದೆ. “ಪಾರ್ಲರ್ ಆಂಟಿ” ಎಂದಳು. ನಮ್ಮ ಸಾಸಿವೆ! ಬೀದಿಯಲ್ಲಿ ಇರುವೆ ಕಂಡರೂ ಅದರ ಪೂರ್ತಿ ಕಥೆ ಹೇಳುವವಳು, ಎರಡೇ ಮಾತು ಹೇಳಿ ಬಾಯಿ ಮುಚ್ಚಿಕೊಂಡಳು. ನಾನು ಗದರಲಿಲ್ಲ. ನನ್ನ ಸಿಟ್ಟು ನಿನಗೆ ಗೊತ್ತು, ಆದರೂ ಗದರಲಿಲ್ಲ. ಕತ್ತರಿ ತೆಗೆದುಕೊಂಡು ಗಾಳಿಯಲ್ಲಿ ಎರಡು ಸಲ ಖಾಲಿ ಆಡಿಸಿ ಆಮೇಲೆ ಒಂದು ಸಲ ಕೂದಲಿಗೆ ಹಾಕುವ ಹಾಗೆ ನಟಿಸಿದೆ. ಚಿಕ್ ಚಿಕ್, ಕಚ್. ಅಪ್ಪನ ತಾಳ ಅದು. ಮಗು ಕನ್ನಡಿಯಲ್ಲಿ ನನ್ನನ್ನೇ ನೋಡಿತು. “ನಿಂಗೆ ಹೇಗೆ ಗೊತ್ತು?” ಎಂದಿತು. ಆಮೇಲೆ ಕೇಳಿತು, “ಅಮ್ಮಾ, ಈಗ ನಿಂಗೆ ಹುಷಾರು ತಪ್ಪುತ್ತಾ?”

ಅದೇನು ಹೇಳಿ ಹೆದರಿಸಿದ್ದೆಯೇ ನನ್ನ ಮಗಳನ್ನು? ತಾತನ ವಿಷಯ ಹೇಳಿದರೆ ಅಮ್ಮ ಕಾಯಿಲೆ ಬಿದ್ದು ಆಸ್ಪತ್ರೆ ಸೇರುತ್ತಾಳೆ ಎಂದೆಯಂತೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತುಟಿ ಕಚ್ಚಿಕೊಂಡೇ ಬಂದಿದ್ದಾಳೆ. ನನಗೆ ನೀನು ಮೋಸ ಮಾಡಿದ್ದು ಒಂದು. ನನ್ನನ್ನು ಉಳಿಸಲು ನನಗೇ ಸುಳ್ಳು ಹೇಳುವ ಹೊರೆಯನ್ನು ಆ ಎಳೆಯ ಹೆಗಲಿಗೆ ಹೊರಿಸಿದ್ದು ಇನ್ನೊಂದು. ಮೊದಲನೆಯದನ್ನು ಒಂದು ದಿನ ಮರೆತರೂ ಮರೆತೇನು, ಎರಡನೆಯದನ್ನು ಮರೆಯಲಾರೆ.

ನನಗೇನೂ ಆಗುವುದಿಲ್ಲ, ನೋಡು ಗಟ್ಟಿಯಾಗಿದ್ದೇನೆ ಎಂದು ತೋಳು ಮಡಚಿ ತೋರಿಸಿದ ಮೇಲೆ ಎಲ್ಲ ಹೊರಗೆ ಬಂತು. ಮೇಲಿನ ತಾರಸಿಗೆ ಹೋಗಬೇಡ, ನೀರಿನ ಟ್ಯಾಂಕು ರಿಪೇರಿಯಾಗುತ್ತಿದೆ ಎಂದು ನೀನು ಹೇಳಿದೆಯಂತೆ. ಅವಳಿಗೆ ಹೋಗಬೇಡ ಎನ್ನುವುದೂ ಒಂದೇ, ದಾರಿ ತೋರಿಸುವುದೂ ಒಂದೇ. ಮೆಟ್ಟಿಲು ಹತ್ತಿದಾಗ ಟ್ಯಾಂಕಿನ ಪಕ್ಕದ ಕೋಣೆಯಿಂದ ಸಪ್ಪಳ ಕೇಳಿಸಿತಂತೆ, ತೊಗಲಿನ ಪಟ್ಟಿಗೆ ಕತ್ತಿ ಮಸೆಯುವ ಸಪ್ಪಳ. ಬೇರೆ ಮಕ್ಕಳಾಗಿದ್ದರೆ ಹೆದರುತ್ತಿದ್ದರು. ನನ್ನ ಮಗಳು ಅದೇ ಸಪ್ಪಳ ಕೇಳಿ ನಿದ್ದೆ ಹೋದವಳು. “ಇಲ್ಲೂ ಅಂಗಡಿ ಇದೆ” ಎಂದು ಖುಷಿಯಾಗಿ ಒಳಗೆ ನುಗ್ಗಿದಳು.

ಅವತ್ತಿನಿಂದ ದಿನಾ ಹೋಗುತ್ತಿದ್ದಳಂತೆ, ನಿನ್ನ ಕಣ್ಣು ತಪ್ಪಿಸಿ. ಅಪ್ಪನಿಗೆ ಇವಳು ಯಾರೆಂದು ಮೊದಲ ದಿನವೇ ಗೊತ್ತಾಗಿದೆ. ಗೊತ್ತಾಗದೆ ಏನು, ಇವಳು ಬಾಯಿ ತೆರೆದರೆ ಊರು, ಬೀದಿ, ಮನೆಯ ಬೆಕ್ಕು ಎಲ್ಲ ಹೊರಗೆ ಬರುತ್ತದೆ. ನಮ್ಮೂರಿಗೆ ಯಾಕೆ ಬರಲ್ಲ ಎಂದು ಕೇಳಿದಳಂತೆ. ದಾರಿ ಮರೆತುಹೋಯಿತು ಪುಟ್ಟಿ ಎಂದರಂತೆ. ಅದನ್ನು ನಿಜವೆಂದೇ ನಂಬಿ ಇವಳು ದಾರಿ ಹೇಳಿಕೊಟ್ಟಿದ್ದಾಳೆ. ಬಸ್ ಸ್ಟ್ಯಾಂಡಿಂದ ಎಡಕ್ಕೆ, ಔಷಧಿ ಅಂಗಡಿ ದಾಟಿ, ನೀಲಿ ಗೇಟಿನ ನಾಯಿ ಬೊಗಳುತ್ತೆ ಆದ್ರೆ ಕಚ್ಚಲ್ಲ, ಅದರ ಎದುರಿಗೇ ನಮ್ಮಂಗಡಿ. ಅವರಿಗೆ ಬಾಯಿಪಾಠ ಮಾಡಿಸಿ ಒಪ್ಪಿಸಲೂ ಹೇಳಿದಳಂತೆ. ಒಪ್ಪಿಸಿದರಂತೆ.

ಗೋಂದು ಮೆತ್ತಿದ ದಿನ ಯಾರೂ ಹೇಳದೆ ತಾನೇ ಮೇಲಕ್ಕೆ ಓಡಿದ್ದಾಳೆ. ನೀನು ಹುಡುಕಿಕೊಂಡು ಬರುವ ಹೊತ್ತಿಗೆ ಅರ್ಧ ಕೂದಲು ನೆಲದ ಮೇಲಿತ್ತು. ಕತ್ತರಿಸುವಾಗ ಅಪ್ಪ ಕೇಳಿದರಂತೆ, “ನಿಮ್ಮಮ್ಮ ಯಾವ ಕೈಲಿ ಕತ್ತರಿ ಹಿಡೀತಾಳೆ?” ಬಲಗೈ ಎಂದಳು. “ಹೊಸ್ತಿಲು ಬಿಡ್ತಾಳಾ?” ಹಾಗಂದ್ರೇನು ಎಂದಳು. ಹಿಂದುಗಡೆ ಮಾತ್ರ ತುಂಬಾ ಹೊತ್ತು ಮಾಡಿದರು, ನನಗೆ ಕತ್ತು ನೋವು ಬಂತು ಎಂದಳು.

ನೀನು ಅಲ್ಲೇ ನಿಂತು ನೋಡುತ್ತಿದ್ದೆ. ಗೋಂದು ಹೋಯಿತಲ್ಲ ಎಂದು ಸಮಾಧಾನಪಟ್ಟೆ. ಮಗುವಿನ ಬಾಯಿಗೆ ಬೀಗ ಹಾಕಿದರೆ ಸಾಕು ಎಂದುಕೊಂಡೆ. ಕೂದಲು ಕತ್ತರಿಸುವವಳ ಮನೆಗೆ ಆ ಕುತ್ತಿಗೆಯನ್ನು ಕಳಿಸುತ್ತಿದ್ದೇನೆ ಎಂದು ನಿನಗೆ ಹೊಳೆಯಲೇ ಇಲ್ಲ. ಅಪ್ಪನಿಗೆ ಹೊಳೆದಿತ್ತು. ಬೇಕೆಂದೇ ಮಾಡಿದರೋ, ಕೈ ಅಭ್ಯಾಸಕ್ಕೆ ತಾನೇ ಹಾಗೆ ಹೋಯಿತೋ, ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ.

ಅವತ್ತೇ ಕತ್ತರಿ ತೆಗೆದು ಆ ಹೊಸ್ತಿಲನ್ನು ಸವರಿಹಾಕಿದೆ. ಈಗ ನನ್ನ ಮಗಳ ಕುತ್ತಿಗೆ ಎಲ್ಲರ ಕುತ್ತಿಗೆಯ ಹಾಗೆ ನೇರವಾಗಿದೆ. ಇದನ್ನು ಅವರಿಗೆ ಬೇಕಾದರೆ ಹೇಳು.

ಅಷ್ಟಕ್ಕೇ ಮುಗಿದಿದ್ದರೆ ಈ ಕಾಗದ ಇಲ್ಲಿಗೆ ನಿಲ್ಲುತ್ತಿತ್ತು. ಈಚೆಗೆ ಎಲ್ಲೋ ಬೀದಿಯಲ್ಲಿ ಸಿಕ್ಕಿದರು, ಮುದುಕರು, ಕರುಳು ಕೇಳಲಿಲ್ಲ, ಅಕ್ಕನಿಗೆ ಹೇಗೆ ಹೇಳುವುದೆಂದು ತಡವಾಯಿತು, ಎಂದು ನಿನ್ನ ಪರವಾಗಿ ನಾನೇ ವಾದ ಕಟ್ಟಿಕೊಂಡಿದ್ದೆ. ನನಗೆ ಅದು ಹಳೆಯ ಚಾಳಿ. ಆದರೆ ಮಲಗುವ ಮುಂಚೆ ಸಾಸಿವೆ ಇನ್ನೊಂದು ಮಾತು ಉದುರಿಸಿದಳು. ಅಣ್ಣನಿಗೂ ತಾತನೇ ಕಟಿಂಗ್ ಮಾಡೋದು, ಪಾಪು ಇದ್ದಾಗಿನಿಂದಲೂ, ಎಂದು.

ಪಾಪು ಇದ್ದಾಗಿನಿಂದ. ಮರಿಸಾಹೇಬನಿಗೆ ಮೊದಲ ಸಲ ಕೂದಲು ಕತ್ತರಿಸಿದ ದಿನದ ಫೋಟೋ ನೀನೇ ಅಮ್ಮನಿಗೆ ಕಳಿಸಿದ್ದೆ. ದೊಡ್ಡ ಸಲೂನಿನಲ್ಲಿ ಮಾಡಿಸಿದೆವು ಎಂದಿದ್ದೆ. ಅಮ್ಮ ಅದಕ್ಕೆ ಚೌಕಟ್ಟು ಹಾಕಿಸಿ ಮಂಚದ ಪಕ್ಕದಲ್ಲಿಟ್ಟುಕೊಂಡಳು. ಅದು ಇನ್ನೂ ಅಲ್ಲೇ ಇದೆ. ಎದ್ದು ಹೋಗಿ ತಂದು ನೋಡಿದೆ. ಮಗು ಬಾಯಿ ಅಗಲಿಸಿ ಅಳುತ್ತಿದೆ. ಪಕ್ಕದಿಂದ ಒಂದು ಕೈ ಒಳಗೆ ಬಂದಿದೆ, ಮಣಿಕಟ್ಟಿನವರೆಗೆ ಮಾತ್ರ. ಕತ್ತರಿ ಎಡಗೈಯಲ್ಲಿದೆ. ಆ ಫೋಟೋದ ಧೂಳನ್ನು ನಾನು ವಾರವಾರ ಒರೆಸಿದ್ದೇನೆ. ಮಗುವನ್ನು ನೋಡಿದೆ, ಅದರ ಅಳುಮೋರೆಗೆ ನಕ್ಕೆ. ಕತ್ತರಿಯನ್ನೇ ಕಸುಬು ಮಾಡಿಕೊಂಡವಳಿಗೆ ಕತ್ತರಿ ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ.

ಆದರೆ ಅಮ್ಮನಿಗೆ ಕಾಣದೆ ಇದ್ದೀತೇ?

ನಿನಗೆ ನೆನಪಿದೆಯೋ ಇಲ್ಲವೋ, ಅಪ್ಪ ಹೋದ ಮೇಲೆ ಅವರ ಹಳೆಯ ಕುರ್ಚಿಯಲ್ಲಿ ಅಮ್ಮ ಯಾರನ್ನೂ ಕೂರಿಸಗೊಡುತ್ತಿರಲಿಲ್ಲ. ಓದು ಬಿಟ್ಟು, ಎತ್ತರ ಸಾಲದೆ ಮರದ ಪೆಟ್ಟಿಗೆಯ ಮೇಲೆ ನಿಂತು ನಾನು ಕತ್ತರಿ ಹಿಡಿದಾಗಲೂ ಗಿರಾಕಿಗಳಿಗೆ ಬೆಂಚು, ಆ ಕುರ್ಚಿ ಖಾಲಿ. ದಿನಾ ಬೆಳಿಗ್ಗೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಅಪ್ಪ ಕುರ್ಚಿ ನೋಡಲು ಹೋಗುವಾಗ ಕತ್ತರಿಯನ್ನೂ ಕತ್ತಿಯನ್ನೂ ಜೊತೆಗೆ ಒಯ್ದಿದ್ದರು. ಕುರ್ಚಿ ನೋಡುವವರಿಗೆ ಕತ್ತರಿ ಯಾಕೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಳು. ಹಾಗಿದ್ದವಳು ಆ ಫೋಟೋ ಬಂದ ಮೇಲೆ ಒಂದು ಬೆಳಿಗ್ಗೆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, “ಇನ್ನು ಆ ಕುರ್ಚಿಗೂ ಗಿರಾಕಿ ಕೂರಿಸು” ಎಂದಳು. ಅಂತೂ ಆಸೆ ಬಿಟ್ಟಳು ಎಂದು ನಾನು ಹಿತ್ತಲಿಗೆ ಹೋಗಿ ಅತ್ತೆ. ಆಸೆ ಬಿಟ್ಟವಳಲ್ಲ ಅವಳು. ಅವಳಿಗೆ ಸುದ್ದಿ ಸಿಕ್ಕಿತ್ತು. ಆಮೇಲೆ ಇದ್ದಷ್ಟು ದಿನವೂ ಅವಳ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಅದಕ್ಕೆ ನಾನು ನನ್ನ ಸೇವೆಯೇ ಕಾರಣ ಎಂದುಕೊಂಡಿದ್ದೆ. ಎಂಥ ಹುಚ್ಚಿ ನಾನು!

ಅಮ್ಮ ತೀರಿಕೊಂಡ ದಿನ ನೀನು ಬಂದು ನನ್ನ ಕೊರಳು ತಬ್ಬಿಕೊಂಡು, “ಅಪ್ಪ ಎಲ್ಲಿದ್ದಾರೋ ಏನೋ ಅಕ್ಕಾ, ಅವರಿಗೆ ಗೊತ್ತೂ ಇಲ್ಲ” ಎಂದು ಬಿಕ್ಕಿದೆ. ಜನರೆಲ್ಲ ಕಣ್ಣೊರೆಸಿಕೊಂಡರು. ಅವತ್ತು ಅವರಿಗೆ ಬೆಳಗಿನ ತಿಂಡಿ ಮೇಲಿನ ಕೋಣೆಗೆ ಕೊಟ್ಟೇ ಬಂದಿದ್ದೆಯಾ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗಾದರೂ ಕಾಣುತ್ತದೆ. ನೀನು ಕಣ್ಣು ತೆರೆದುಕೊಂಡೇ ಕುಡಿದೆ, ಯಾರಿಗೂ ಕಾಣಲಿಲ್ಲ.

ನಾನು ನಿಮ್ಮಲ್ಲಿಗೆ ಬರುತ್ತೇನೆ ಎಂದಾಗಲೆಲ್ಲ ನೀನು, ಬೇಡ ಅಕ್ಕ, ನೀನು ಅಂಗಡಿ ಮುಚ್ಚಬೇಡ, ನಾವೇ ಬರುತ್ತೇವೆ ಎನ್ನುತ್ತಿದ್ದೆ. ಎಷ್ಟು ಕಾಳಜಿ ನನ್ನ ತಂಗಿಗೆ ಎಂದು ಗಿರಾಕಿಗಳ ಹತ್ತಿರ ಹೇಳಿಕೊಂಡು ತಿರುಗಿದ್ದೇನೆ. ನಿನ್ನ ಓದು ಈ ಕತ್ತರಿಯಿಂದಲೇ ನಡೆಯಿತು. ಅದನ್ನು ನಾನು ಯಾವತ್ತೂ ಎತ್ತಿ ಆಡಿದವಳಲ್ಲ, ಇವತ್ತು ಆಡುತ್ತಿದ್ದೇನೆ. ನಾನು ಬೆಂಚಿನ ಪಕ್ಕ ನಿಂತು ಸವೆಸಿದ ಕಾಲು ಯಾರಿಗಾಗಿ? ಅಪ್ಪ ಇಲ್ಲದ ಮನೆಯಲ್ಲಿ ಅಪ್ಪನಾಗಿ ನಿಂತೆ. ಅಪ್ಪ ಇದ್ದರು. ನಿಮ್ಮೆಲ್ಲರಿಗೂ ಇದ್ದರು. ನನಗೊಬ್ಬಳಿಗೇ ಇರಲಿಲ್ಲ.

ನೀನು ಏನು ಹೇಳುತ್ತೀಯೆಂದು ನನಗೆ ಗೊತ್ತು. ಅವರೇ ಹೇಳಬೇಡ ಎಂದರು ಎನ್ನುತ್ತೀಯ. ನಿನ್ನ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ ಅಕ್ಕ ಎನ್ನುತ್ತೀಯ. ಇರಬಹುದು. ಬಿಟ್ಟುಹೋದವರಿಗೆ ಧೈರ್ಯ ಇರದಿರುವುದು ಹೊಸ ಸಂಗತಿಯಲ್ಲ. ನಾನು ಕೇಳುತ್ತಿರುವುದು ನಿನ್ನನ್ನು. ನನ್ನ ಸಿಟ್ಟಿಗೆ ಹೆದರಿದೆಯಾ? ಇಲ್ಲ, ಗೊತ್ತಾದರೆ ಅಕ್ಕ ಕತ್ತರಿ ಕೆಳಗಿಟ್ಟು ಕೂತುಬಿಟ್ಟಾಳು, ಅಮ್ಮನನ್ನು ಯಾರು ನೋಡಿಕೊಳ್ಳುವುದು ಎಂದು ಹೆದರಿದೆಯಾ? ಮೊದಲನೆಯದಾದರೆ ನಿನಗೆ ಅಕ್ಕನ ಪರಿಚಯವೇ ಇಲ್ಲ. ಎರಡನೆಯದಾದರೆ ಚೆನ್ನಾಗಿಯೇ ಇದೆ.

ನನಗೆ ಒಂದೇ ಒಂದು ಉತ್ತರ ಬೇಕು. ಅಮ್ಮನಿಗೆ ಆ ಕೈ ನೋಡಿ ತಾನಾಗಿಯೇ ತಿಳಿಯಿತೋ, ಅಥವಾ ನೀನೇ ಹೇಳಿ, ಅಕ್ಕನಿಗೆ ಮಾತ್ರ ಹೇಳಬೇಡಮ್ಮ ಎಂದು ಮಾತು ತೆಗೆದುಕೊಂಡೆಯೋ? ತಾನಾಗಿ ತಿಳಿದು ಸುಮ್ಮನಿದ್ದಳಾದರೆ ಅದು ಅವಳ ಸಂಕಟ, ಅವಳ ಜೊತೆಗೇ ಹೋಯಿತು ಎಂದುಕೊಳ್ಳುತ್ತೇನೆ. ನೀನು ಬಾಯಿ ಕಟ್ಟಿದ್ದಾದರೆ, ನನ್ನ ಮಗಳಿಗೆ ಮಾಡಿದ್ದನ್ನೇ ನನ್ನ ಅಮ್ಮನಿಗೂ ಮಾಡಿದ್ದೀಯ. ಆಗ ಈ ಮನೆಯ ಹೊಸ್ತಿಲು ತುಳಿಯಬೇಡ. ಉತ್ತರವನ್ನು ಬರೆದೇ ಕಳಿಸು. ಫೋನಿನಲ್ಲಿ ಬೇಡ. ನಿನ್ನ ಕೈಬರಹದಲ್ಲಿ ಸುಳ್ಳಿದ್ದರೆ ನಾನು ಗುರುತು ಹಿಡಿಯುತ್ತೇನೆ. ಅಕ್ಷರ ತಿದ್ದಿಸಿದವಳು ನಾನೇ.

ಸಾಸಿವೆಗೆ ಬಯ್ದಿಲ್ಲ. ಅವಳು ನಿಮ್ಮ ಮನೆಯಲ್ಲಿ ಮಾಡಿದ ರಾಡಿಯನ್ನೆಲ್ಲ ಒಂದು ಬಟ್ಟೆ ತೆಗೆದುಕೊಂಡರೆ ಒರೆಸಬಹುದು. ಸಂಗೀತದ ಮೇಷ್ಟರಿಗೆ ನನ್ನ ಪರವಾಗಿ ಕ್ಷಮೆ ಕೇಳು. ಮರಿಸಾಹೇಬನಿಗೆ ಮುತ್ತು. ಮುಂದಿನ ರಜೆಗೆ ಅವಳನ್ನು ಕಳಿಸುವುದಿಲ್ಲ. ಅವಳು ಹಟ ಮಾಡುತ್ತಿದ್ದಾಳೆ, ಮಾಡಲಿ. ತಾತ ದಾರಿ ಸರಿಯಾಗಿ ಒಪ್ಪಿಸಿದ್ದಾರೆ, ಅವರೇ ಬರ್ತಾರೆ ಬಿಡು ಎಂದು ನನಗೇ ಸಮಾಧಾನ ಹೇಳುತ್ತಾಳೆ. ನೀಲಿ ಗೇಟಿನ ನಾಯಿ ಬೊಗಳಿದಾಗಲೆಲ್ಲ ಬಾಗಿಲಿಗೆ ಓಡುತ್ತಾಳೆ. ಈ ಮನೆಯಲ್ಲಿ ಬಾಗಿಲು ನೋಡುವವರು ಮುಗಿದರು ಎಂದುಕೊಂಡಿದ್ದೆ. ಹೊಸಬಳೊಬ್ಬಳನ್ನು ತಯಾರು ಮಾಡಿ ಕಳಿಸಿದ್ದೀಯ.

ಇಂತಿ,
ನಿನ್ನ ಅಕ್ಕ
(ಈ ಎರಡು ಪದಗಳನ್ನು ಅಭ್ಯಾಸಬಲದಿಂದ ಬರೆದಿದ್ದೇನೆ. ಉತ್ತರ ಬರುವವರೆಗೆ ಇರಲಿ.)

ಮತ್ತೆ: ಕಾಗದ ಮಡಚಿದ ಮೇಲೆ ಬಿಚ್ಚಿ ಇದೊಂದನ್ನು ಸೇರಿಸುತ್ತಿದ್ದೇನೆ. ಹೊಸ್ತಿಲನ್ನು ಸವರಿಹಾಕಿದೆ ಎಂದು ಮೇಲೆ ಬರೆದದ್ದು ಸುಳ್ಳು. ಕತ್ತರಿ ಕೈಗೆ ತೆಗೆದುಕೊಂಡದ್ದು ನಿಜ, ಹಾಕಲು ಆಗಲಿಲ್ಲ. ಈಗ ಸುತ್ತ ಕೂದಲು ಬೆಳೆದು ಅದು ಮುಚ್ಚಿಹೋಗುತ್ತಿದೆ. ದಿನಾ ಬೆಳಿಗ್ಗೆ ತಲೆ ಬಾಚುವಾಗ ಬೆರಳಿನಿಂದ ಸರಿಸಿ ನೋಡುತ್ತೇನೆ. ಹಾಗೆ ನೋಡಿ ನೋಡಿಯೇ ಇನ್ನೊಂದು ಕಂಡದ್ದು. ಏರಿಕೆ ಮೊದಲಿನ ಹಾಗೆ ಒಂದೇ ಎಳೆಯಲ್ಲಿಲ್ಲ, ನಡುವೆ ಎರಡು ಕಡೆ ಮುಕ್ಕಾಗಿದೆ. ಬಲಗಿವಿಯ ಹಿಂದೆ ಕತ್ತಿ ತಾಗಿ ಆರಿದ ಗೆರೆಯೂ ಇದೆ. ಅಪ್ಪನ ಕೈ ನಡುಗುತ್ತಿದೆ. ವಯಸ್ಸಿನ ನಡುಕ ಹೀಗೆ ಬಿಟ್ಟು ಬಿಟ್ಟು ಬರುವುದಿಲ್ಲ, ಡಾಕ್ಟರಿಗೆ ತೋರಿಸು, ತಡ ಮಾಡಬೇಡ. ಆದರೆ ಕತ್ತರಿಯನ್ನು ಮಾತ್ರ ಅವರ ಕೈಯಿಂದ ಕಿತ್ತುಕೊಳ್ಳಬೇಡ. ನಾನು ಹೇಳಿದೆ ಎಂದು ಅವರಿಗೆ ಹೇಳಬೇಡ. ಗುಟ್ಟು ಕಾಯುವುದು ನಿನಗೇನು ಹೊಸದೇ?